ಕಾಡೌಡಲಕ್ಕೆ ಬದಾಮಿ ಎಂದ ವರ್ಷ

ಹೋದ ತಿಂಗಳು ಅಕ್ಕನ ಬಸುರಿ ಮಗಳ ಕುಬಸಕ್ಕೆಂದು ವಾಗದರಿಗೆ ಹೋಗಿದ್ದೆ. ಬಸ್ಸಿಳಿದು ಹೊಲದ ದಾರಿಯಲ್ಲಿ ನಡೆಯುತ್ತಿದ್ದಾಗ ಬದುವಿನ ಮೇಲೆ ಇಬ್ಬರು ಬೇಲಿ ಸವರುತ್ತಿದ್ದರು. ಕುಡುಗೋಲು ಬಿದ್ದಲ್ಲೆಲ್ಲ ತಿಳಿಹಾಲು ಸೋರಿ, ಹಸಿಯಾದ, ಒಗರಾದ ಒಂದು ವಾಸನೆ ದಾರಿಯುದ್ದಕ್ಕೂ ಹರಡಿತ್ತು. ಕಾಡೌಡಲದ ಬೇಲಿ. ದನ ಬಾಯಿ ಹಾಕುವುದಿಲ್ಲವೆಂದು ನಮ್ಮ ಕಡೆ ಹೊಲದ ಸುತ್ತ ಹಚ್ಚುವ ಗಿಡ. ಮರಾಠಿಯವರು ಮೊಗಲಿ ಎರಂಡ ಎನ್ನುತ್ತಾರೆ. ವಾಸನೆ ಮೂಗಿಗೆ ಬಡಿಯುತ್ತಲೇ ನನ್ನ ದವಡೆ ಬಿಗಿಯಿತು. ಕುಬಸದ ಮನೆಯಲ್ಲಿ ಅಕ್ಕ, "ಯಾಕ ಸುನಂದಾ, ಮಾರಿ ಹಿಂಗ್ಯಾಕ ಆಗೈತಿ?" ಎಂದಳು. ಬಿಸಿಲು ಎಂದೆ. ಬಿಸಿಲಲ್ಲ, ಸಿಟ್ಟು. ನಾಲ್ಕು ವರ್ಷ ಹಳೆಯದಾದರೂ ತಣ್ಣಗಾಗದ ಸಿಟ್ಟು.

ಆ ವರ್ಷ ನಾನು ಸೊಲ್ಲಾಪುರದ ಕಾಲೇಜೊಂದರಲ್ಲಿ ತಾಸಿನ ಲೆಕ್ಕದ ಮೇಲೆ ಸಸ್ಯಶಾಸ್ತ್ರ ಕಲಿಸುತ್ತಿದ್ದೆ. ಹುಟ್ಟಿದ್ದು ಗಡಿಯ ಮೇಲಿನ ಕನ್ನಡದೂರು ಮೈಂದರ್ಗಿಯಲ್ಲಿ. ನಾಲ್ಕನೆಯ ಇಯತ್ತೆಯವರೆಗೆ ಕನ್ನಡ ಸಾಲಿ, ಆಮೇಲೆ ಮರಾಠಿ, ಆಮೇಲೆ ಇಂಗ್ಲಿಷು. ಮೂರರಲ್ಲೂ ಓದಬಲ್ಲೆನೆಂಬ ಒಂದೇ ಕಾರಣಕ್ಕೆ ನಮ್ಮ ಪ್ರಾಚಾರ್ಯರು ನನ್ನ ಹೆಸರನ್ನು ಮಹೇಶಸೇಠರಿಗೆ ಹೇಳಿದ್ದರು. ಸೇಠರದು ಪೇಟೆಯಲ್ಲಿ ಮೂರು ತಲೆಮಾರಿನ ಬಟ್ಟೆ ವ್ಯಾಪಾರ. ಊರ ಹೊರಗೆ ಅವರ ಅಜ್ಜ ಬೆಳೆಸಿದ ದೊಡ್ಡದೊಂದು ತೋಟವಿತ್ತು. ಅದನ್ನು ಟ್ರಸ್ಟಿಗೆ ಬಿಟ್ಟು ಜನರಿಗೆ ತೆರೆದಿದ್ದರು. ಎಲ್ಲರೂ ಅದಕ್ಕೆ ಸೇಠರ ಬಾಗ ಎನ್ನುತ್ತಿದ್ದರು.

ಸೇಠರ ವಿಚಾರ ಇಷ್ಟು: ಪ್ರತಿ ಮರದ ಮುಂದೆ ಒಂದು ಕ್ಯೂಆರ್ ಕೋಡ್. ಬಂದವರು ಫೋನ್ ಹಿಡಿದರೆ ಮರದ ಹೆಸರು, ಗುಣ, ಉಪಯೋಗ ಎಲ್ಲ ಫೋನಿನಲ್ಲೇ ಬರಬೇಕು. ಓದಲು ಬಾರದವರು ಒಂದು ಗುಂಡಿ ಒತ್ತಿದರೆ ದನಿಯಲ್ಲಿ ಕೇಳಬೇಕು. ನನಗೆ ಅದು ಬಹಳ ಮನಸ್ಸಿಗೆ ಬಂತು. ಫೋನಿನ ಮೇಲೆ ನನಗೆ ಸಿಟ್ಟಿಲ್ಲ, ಈಗಲೂ ಇಲ್ಲ. ಬೇವಿಗೂ ಹೆಬ್ಬೇವಿಗೂ ವ್ಯತ್ಯಾಸ ತಿಳಿಯದೆ ನಾಲ್ಕು ಸುತ್ತು ಹಾಕಿ ಮನೆಗೆ ಹೋಗುವ ಜನರ ಕೈಯಲ್ಲಿ ಅದೇ ಫೋನು ಇರುತ್ತದೆ. ಅದು ಎರಡು ಮಾತು ಕಲಿಸಿದರೆ ಒಳ್ಳೆಯದೇ ಅಲ್ಲವೇ? ಮೂರು ಭಾಷೆಯಲ್ಲಿ ಮಾಡೋಣ ಎಂದೆ. "ಮಾಡ್ರಿ, ಮಾಡ್ರಿ," ಎಂದಿದ್ದರು ಸೇಠರು.

ಮೇ ತಿಂಗಳ ಕೊನೆಗೆ ಕೆಲಸ ಶುರುವಾಯಿತು. ಸೊಲ್ಲಾಪುರದ ಆ ಬಿಸಿಲಿನಲ್ಲಿ ಕಬ್ಬಿಣದ ಗೇಟು ಮುಟ್ಟಿದರೆ ಕೈ ಸುಡುತ್ತಿತ್ತು. ತೋಟದ ಒಳಗೆ ಮಾತ್ರ ನೆರಳು. ಆ ನೆರಳಿನಲ್ಲಿ, ಸಸಿಗಳ ನಡುವೆ ಕುಕ್ಕುರುಗಾಲಿನಲ್ಲಿ ಕೂತು ಕಳೆ ತೆಗೆಯುತ್ತಿದ್ದವರು ಭಾಗವ್ವ ಮಾವಶಿ. ಎಲ್ಲರಿಗೂ ಮಾವಶಿ, ಅಂದರೆ ಚಿಕ್ಕಮ್ಮ; ಊರು ತಡವಳ. ಮೂವತ್ತು ವರ್ಷದಿಂದ ಬಾಗದಲ್ಲೇ ದುಡಿಮೆ. ಗಂಡ ಸತ್ತ ಮೇಲೆ ಸೇಠರ ತಂದೆ ಕರೆದು ಕೆಲಸ ಕೊಟ್ಟಿದ್ದರಂತೆ. ಅಕ್ಷರ ಬರುತ್ತಿರಲಿಲ್ಲ. ಮೊದಲ ದಿನ ನಾನು ಪುಸ್ತಕ ತೆರೆದು ಮರಗಳ ಲ್ಯಾಟಿನ್ ಹೆಸರು ಗುರುತು ಹಾಕಿಕೊಳ್ಳುತ್ತ ಹೋಗುತ್ತಿದ್ದರೆ, ಮಾವಶಿ ಹಿಂದೆ ಹಿಂದೆ ಬಂದರು. ನಾಲ್ಕನೆಯ ಮರದ ಹತ್ತಿರ ತಡೆಯಲಾರದೆ ಕೇಳಿದರು.

"ಬಾಯಾರ, ನೀವು ಹೆಸರಷ್ಟ ಬರಕೊಂಡು ಹೊಂಟೀರಿ. ಗುಣಾ ಯಾರು ಹೇಳವ್ರು?"

"ಗುಣಾ ಪುಸ್ತಕದಾಗ ಐತಿ ಮಾವಶಿ."

"ಪುಸ್ತಕ ಬರದವರು ಈ ಗಿಡಕ್ಕ ನೀರು ಹಾಕ್ಯಾರೇನು?"

ನಾನು ಪುಸ್ತಕ ಮುಚ್ಚಿದೆ. ಅಂದಿನಿಂದ ಕೆಲಸದ ರೀತಿಯೇ ಬದಲಾಯಿತು. ಬೆಳಿಗ್ಗೆ ಏಳಕ್ಕೆ ಹೋಗುವುದು, ಮಾವಶಿ ಒಂದೊಂದು ಮರದ ಮುಂದೆ ನಿಂತು ಹೇಳುವುದು, ನಾನು ಫೋನಿನಲ್ಲಿ ದನಿ ಹಿಡಿಯುವುದು. ಮೊದಮೊದಲು ಅವರು ಸೆರಗನ್ನು ತಲೆಯ ಮೇಲೆ ಸರಿಯಾಗಿ ಎಳೆದುಕೊಂಡು, ಫೋನಿಗೆ ಕೈ ಮುಗಿದು, "ನಮಸ್ಕಾರ್ರಿ, ನಾ ಭಾಗವ್ವ ಮಾತಾಡೂದು," ಎಂದು ಶುರು ಮಾಡುತ್ತಿದ್ದರು. ವಾರ ಕಳೆಯುವಷ್ಟರಲ್ಲಿ ಫೋನು ಎದುರಿಗಿದೆ ಎಂಬುದನ್ನೇ ಮರೆತು, ಅಂಗಳದಲ್ಲಿ ಕೂತು ಮಾತಾಡಿದಂತೆ ಮಾತಾಡತೊಡಗಿದರು. ಬನ್ನಿಯ ಮುಂದೆ ನಿಂತು ಅವರು ಹೇಳಿದ್ದು ನನಗೆ ಬಾಯಿಪಾಠ: "ಸೊಲ್ಲಾಪುರದ ಮಂದಿ ದಸರಾಕ್ಕ ಆಪಟಾದ ಎಲಿ ಬಂಗಾರ ಅಂತ ಕೊಡ್ತಾರ. ನಮ್ಮೂರ ಕಡಿ ಬನ್ನಿನ ಬಂಗಾರ. ಎರಡೂ ಗಿಡ ಇಲ್ಲೇ ಮಗ್ಗಲಾ ಮಗ್ಗಲಕ ಅದಾವ ನೋಡ್ರಿ. ಅವಕ್ಕೇನು ಜಗಳಿಲ್ಲ."

ಬಾಗದ ಹಿಂದಿನ ಗೋಡೆಗೆ ಹೊಂದಿಕೊಂಡು ಕಾಡೌಡಲದ ಉದ್ದನೆಯ ಸಾಲಿತ್ತು. ಅದರ ಎಣ್ಣೆಯಿಂದ ಮೋಟಾರು ಓಡುತ್ತವೆ ಎಂದು ಎಲ್ಲರೂ ಹಚ್ಚುತ್ತಿದ್ದ ಕಾಲದಲ್ಲಿ ಸೇಠರ ತಂದೆಯೇ ಹಚ್ಚಿಸಿದ್ದು. ಅದರ ಪಕ್ಕದಲ್ಲೇ ಒಂದು ಎತ್ತರದ ಕಾಡುಬಾದಾಮಿ ಮರ. ಮರಾಠಿಯಲ್ಲಿ ಜಂಗಲೀ ಬದಾಮ. ಅದರ ಬೀಜ ಹುರಿದು ತಿನ್ನುವುದುಂಟು. ಕಾಡೌಡಲದ ಮುಂದೆ ನಿಂತಾಗ ಮಾವಶಿಯ ದನಿ ಬೇರೆಯಾಯಿತು.

"ಇದು ಕಾಡೌಡಲ. ಬೀಜ ತಿನ್ನಾಕ ಸವಿ ಇರತಾವ, ಶೇಂಗಾದಂಗ. ಅದಕ್ಕ ಹೇಳ್ತೀನಿ, ನನ್ನ ಮಕ್ಕಳ್ರಾ, ಬಾಯಾಗ ಹಾಕಬ್ಯಾಡ್ರಿ. ವಾಂತಿ ಹೊಂಟ್ರ ನಿಲ್ಲಂಗಿಲ್ಲ. ನನ್ನ ತಮ್ಮ ಸಣ್ಣಾಂವ ಇದ್ದಾಗ ತಿಂದು, ಸಾಯೂದೊಂದ ಬಾಕಿ ಉಳದಿತ್ತು. ನೋಡ್ರಿ, ಆದ್ರ ಮುಟ್ಟಬ್ಯಾಡ್ರಿ."

ಇದನ್ನು ಎರಡು ಸಲ ಹೇಳಿಸಿ ಹಿಡಿದೆ. ಎರಡನೆಯ ಸಲ ಇನ್ನೂ ಗಟ್ಟಿಯಾಗಿ ಹೇಳಿದರು.

ಮಿರಗದ ಮಳೆ ಆ ವರ್ಷ ತಡವಾಗಿ ಬಂತು. ಬಂದಾಗ ಮಾತ್ರ ಬಾಗದ ಕರಿಮಣ್ಣು ಚಪ್ಪಲಿಗೆ ಮೆತ್ತಿಕೊಂಡು ಹೆಜ್ಜೆಗೊಂದು ಸೇರು ತೂಕವಾಗುತ್ತಿತ್ತು. ಜುಲೈನಲ್ಲಿ ಪರೀಕ್ಷೆಗೆಂದು ಹತ್ತು ಮರಗಳಿಗೆ ಕಾಗದದ ಕೋಡ್ ಅಂಟಿಸಿದೆವು. ಅಂದು ಜಿಟಿಜಿಟಿ ಮಳೆ. ಅಕ್ಕಲಕೋಟ ಕಡೆಯ ನಾಲ್ಕು ಜನ ಹೆಣ್ಣುಮಕ್ಕಳು ದವಾಖಾನೆಯಲ್ಲಿದ್ದ ತಮ್ಮವರನ್ನು ನೋಡಿಕೊಂಡು, ಬಸ್ಸಿಗೆ ಹೊತ್ತಿದೆಯೆಂದು ಬಾಗಕ್ಕೆ ಬಂದು ಹುಣಸೆಮರದ ಕೆಳಗೆ ನಿಂತಿದ್ದರು. ನಾನು ಅವರಲ್ಲಿ ಹಿರಿಯಳ ಕಿವಿಗೆ ಫೋನು ಹಿಡಿದೆ. ಮಾವಶಿಯ ದನಿ ಶುರುವಾಗುತ್ತಲೇ ಆ ಮುದುಕಿ ಹೌಹಾರಿ ಮರವನ್ನು ಮೇಲಿಂದ ಕೆಳಗೆ ನೋಡಿದಳು.

"ಯವ್ವಾ! ನಮ್ಮ ಮಾತ ಆಡಾಕತ್ತೈತಲ್ಲ ಇದು! ಬರ್ರೇ ಇಲ್ಲಿ, ಕೇಳ್ರಿ!"

ನಾಲ್ವರೂ ಒಂದೊಂದಾಗಿ ಹತ್ತೂ ಮರ ಕೇಳಿಸಿಕೊಂಡರು. ಬಸ್ಸು ತಪ್ಪಿತು. ಮಾವಶಿ ದೂರದಲ್ಲಿ ಕೂತು ಕಳೆ ತೆಗೆಯುತ್ತ, ಈ ಕಡೆ ನೋಡದವರಂತೆ ನೋಡುತ್ತ, ಬಾಯಿಗೆ ಸೆರಗು ಹಿಡಿದು ನಗುತ್ತಿದ್ದರು. ಆ ವರ್ಷದಲ್ಲಿ ನಾನು ಸಿಟ್ಟಿಲ್ಲದೆ ನೆನೆಯಬಲ್ಲ ದಿನ ಅದೊಂದೇ.

ಆಗಸ್ಟಿನಲ್ಲಿ ಸೇಠರು ಪುಣೆಯಿಂದ ಒಂದು ಕಂಪನಿಯ ಮ್ಯಾನೇಜರರನ್ನು ಕರೆತಂದರು. ನಾನು ಮಾಡಿದ ಯಾದಿಯನ್ನು ಫೋನಿಗೆ ಏರಿಸುವುದು, ಫಲಕ ನಿಲ್ಲಿಸುವುದು ಅವರ ಕೆಲಸ. ಕಚೇರಿಯಲ್ಲಿ ಮೂವರೂ ಕೂತೆವು. ಮ್ಯಾನೇಜರರು ಚೆಂದದ ಬಣ್ಣದ ಚಿತ್ರ ತೋರಿಸಿದರು. ಫಲಕದ ಮೇಲೆ ಒಂದು ನಂಬರು, ಒಂದು ಕೋಡು, ಅಷ್ಟೇ. ಮರದ ಹೆಸರೇ ಇರಲಿಲ್ಲ.

"ಹೆಸರು ಯಾಕಿಲ್ಲ? ಫೋನಿಲ್ಲದವರು ಏನು ಮಾಡಬೇಕು?" ಎಂದು ಮರಾಠಿಯಲ್ಲಿ ಕೇಳಿದೆ.

"ಹೆಸರು ಬರೆದರೆ ಸ್ಕ್ಯಾನ್ ಯಾರು ಮಾಡುತ್ತಾರೆ ಮ್ಯಾಡಮ್?" ಎಂದು ನಕ್ಕರು ಅವರು.

ಸೇಠರೂ ನಕ್ಕರು. ಆಮೇಲೆ ನನ್ನ ಕಡೆ ತಿರುಗಿ ಮನೆಯ ಮಾತಿಗೆ ಇಳಿದರು. "ಮ್ಯಾಡಮ್, ಕಾಮ ಏಕದಮ್ ಛಲೋ ಆಗ್ಯಾದ. ಪಣ ಈ ಕನ್ನಡ ತೆಗದ ಬಿಡೂಣ. ಮುದುಕಿ ದನಿನೂ ಬ್ಯಾಡ. ಬಂದ ಪಾವಣ್ಯಾರು ಏನಂತಾರ? ಇಲ್ಲಿ ಕನ್ನಡ ಯಾರು ಕೇಳ್ತಾರ?"

"ಸೇಠಜಿ, ಈಗ ನಾವಿಬ್ಬರೂ ಮಾತಾಡಾಕತ್ತಿದ್ದು ಯಾವ ಭಾಷಾ?"

"ಅದು ಮನ್ಯಾಗಿಂದು. ಬೋರ್ಡಿಂದು ಬ್ಯಾರೆ."

ಅಷ್ಟರಲ್ಲಿ ಅವರ ಫೋನು ರಿಂಗಣಿಸಿತು. "ಅವ್ವಾ, ಊಟಾ ಆತೇನು? ಗುಳಿಗಿ ತೊಗೊಂಡೇನು? ಹಾಂ, ಸಂಜಿಕ ಬರ್ತೀನಿ," ಎಂದು ಎಷ್ಟು ಮೆತ್ತಗೆ, ಎಷ್ಟು ಸವಿಯಾಗಿ ಮಾತಾಡಿದರೆಂದರೆ ನನಗೆ ಎದ್ದು ಆ ಮೇಜನ್ನು ಬೋರಲು ಹಾಕಬೇಕೆನ್ನಿಸಿತು. ಹಾಕಲಿಲ್ಲ. "ದುಸರ್‍ಯಾ ಹಂತದಾಗ ಕನ್ನಡ ನೋಡೂಣ," ಎಂದು ಎರಡನೆಯ ಹಂತಕ್ಕೆ ತಳ್ಳಿದರು. ನಾನು ತಲೆಯಾಡಿಸಿ ಹೊರಗೆ ಬಂದೆ. ಮಾವಶಿಗೆ ಹೇಳುವ ಧೈರ್ಯ ಎರಡು ದಿನ ಬರಲಿಲ್ಲ. ಹೇಳಿದಾಗ ಅವರು ಕಳೆ ತೆಗೆಯುವ ಕುರ್ಪಿಯನ್ನು ಮಣ್ಣಿಗೆ ಚುಚ್ಚಿ, "ನನ್ನ ದನಿ ಹೋಗಲಿ ಬಿಡ್ರಿ. ಆ ಕಾಡೌಡಲದ್ದು ಮಾತ್ರ ಮರಾಠಿದಾಗರೆ ಬರೀರಿ," ಎಂದರು. ಬರೆದಿದ್ದೆ. ಮೂರೂ ಭಾಷೆಯಲ್ಲಿ, ಕೆಂಪಕ್ಷರದಲ್ಲಿ ಬರೆದಿದ್ದೆ.

ಸೆಪ್ಟೆಂಬರಿನಲ್ಲಿ ಸೊಲ್ಲಾಪುರಕ್ಕೆ ನಿಜವಾದ ಮಳೆ. ಆ ಮಳೆಯಲ್ಲೇ ಫಲಕಗಳು ನಿಂತವು. ಹೊಳೆಯುವ ಉಕ್ಕಿನ ಕಂಬ, ಅದರ ತಲೆಯ ಮೇಲೆ ಕಪ್ಪು ಬಿಳಿ ಚೌಕ. ಮಾವಶಿಗೆ ಅದರಲ್ಲಿ ಏನಿದೆಯೋ ತಿಳಿಯುವಂತಿರಲಿಲ್ಲ. ಒಂದು ಮುಂಜಾನೆ ನನ್ನ ಕೈ ಹಿಡಿದುಕೊಂಡು ಹಿಂದಿನ ಗೋಡೆಯ ಕಡೆ ಕರೆದೊಯ್ದರು.

"ನಿನ್ನಿ ಒಬ್ಬಾಂವ ಬಂದು ಫೋನ ಹಿಡದು, ಹೆಂಡ್ತಿಗಿ ಏನೋ ಬದಾಮ ಅಂತ ಹೇಳಾಕತ್ತಿದ್ದ, ಈ ಗಿಡಾ ತೋರಿಸಿ. ನೀವ ಹಿಡದ ನೋಡ್ರಿ. ಏನಂತೈತಿ?"

ಹಿಡಿದೆ. ಕಾಡೌಡಲದ ಮುಂದೆ ನಿಂತಿದ್ದೆ. ಫೋನಿನಲ್ಲಿ ಬಂದದ್ದು ಜಂಗಲೀ ಬದಾಮ. "ಬೀಜಗಳನ್ನು ತಿನ್ನುತ್ತಾರೆ, ರುಚಿ ಶೇಂಗಾದಂತೆ." ಕೆಳಗೆ ಸಣ್ಣ ಅಕ್ಷರದಲ್ಲಿ ವಿಷಯತಜ್ಞೆ ಎಂದು ನನ್ನ ಹೆಸರು. ಪಕ್ಕದ ಮರಕ್ಕೆ ಓಡಿದೆ. ಅದಕ್ಕೆ ಅದರ ಆಚೆಯ ಮರದ ಹೆಸರು. ಅದಕ್ಕೆ ಇನ್ನೂ ಆಚೆಯದು. ಹಿಂದಿನ ಗೋಡೆಯ ಮಗ್ಗುಲಿನ ಮರಗಳೆಲ್ಲ ಹೀಗೇ. ಆಗಿದ್ದು ಇಷ್ಟೇ: ಯಾದಿಯಲ್ಲಿ ಪ್ರತಿ ಮರಕ್ಕೆ ಮೂರು ಸಾಲು. ಕನ್ನಡದ ಸಾಲುಗಳನ್ನು ಅಳಿಸುವಾಗ ಕಂಪನಿಯವರು ಕಾಡೌಡಲದ ಸಾಲುಗಳನ್ನೂ ಸೇರಿಸಿ ಅಳಿಸಿದ್ದರು. ಅಲ್ಲಿಂದ ಮುಂದಿನದೆಲ್ಲ ಒಂದೊಂದು ಮರದಷ್ಟು ಮೇಲಕ್ಕೆ ಜರುಗಿತ್ತು. ಯಾರೂ ಒಮ್ಮೆ ಮರದ ಮುಂದೆ ನಿಂತು ತಾಳೆ ನೋಡಿರಲಿಲ್ಲ.

ನಾನು ಹೇಳುವುದನ್ನು ಕೇಳಿದ್ದೇ ಮಾವಶಿ ಎರಡೂ ಕೈಯಲ್ಲಿ ಆ ಕಂಬ ಹಿಡಿದು ಅಲ್ಲಾಡಿಸತೊಡಗಿದರು. ಮಳೆಗೆ ನೆಲ ಮೆತ್ತಗಾಗಿತ್ತು. ಇನ್ನೆರಡು ಸಲ ಜಗ್ಗಿದ್ದರೆ ಕಿತ್ತು ಬರುತ್ತಿತ್ತು.

"ಬ್ಯಾಡ ಮಾವಶಿ, ನಿಮ್ಮ ಮ್ಯಾಲ ಬರತೈತಿ. ಟ್ರಸ್ಟಿನ ವಸ್ತು. ನಾ ಪತ್ರ ಬರೀತೀನಿ, ಸರಿ ಮಾಡಸ್ತೀನಿ," ಎಂದು ಅವರ ಕೈ ಹಿಡಿದು ಬಿಡಿಸಿದೆ.

ಪತ್ರ ಬರೆದೆ. ಸೇಠರಿಗೂ ಕಂಪನಿಗೂ ಇ-ಮೇಲ್. ಉತ್ತರವಿಲ್ಲ. ಮತ್ತೆ ಬರೆದೆ. ಅಂಗಡಿಗೇ ಹೋದೆ. "ಉದ್ಘಾಟನಾ ಆಗಲಿ ಮ್ಯಾಡಮ್, ಈಗ ಎಲ್ಲಾರೂ ಗಡಿಬಿಡಿದಾಗ ಅದಾರ," ಎಂದರು ಸೇಠರು. ಕಂಪನಿಯವರು, ಒಮ್ಮೆ ಏರಿಸಿದ್ದನ್ನು ಬದಲಿಸಲು ಹೊಸ ಅರ್ಜಿ ಬೇಕು ಎಂದರು. ನಾನು ಅರ್ಜಿಯನ್ನೂ ಹಾಕಿದೆ. ಎಷ್ಟು ಸಭ್ಯಳು ನೋಡಿ ನಾನು.

ದಸರೆಗೆ ಮೊದಲು ಉದ್ಘಾಟನೆಯಾಯಿತು. ಶಾಲು, ತೆಂಗಿನಕಾಯಿ, ಭಾಷಣ. ಮಾವಶಿಗೆ ಹೊಸ ಹಸಿರು ಸೀರೆ ಉಡಿಸಿ, ಕೈಯಲ್ಲೊಂದು ಫೋನು ಹಿಡಿಸಿ, ಫಲಕದ ಮುಂದೆ ನಿಲ್ಲಿಸಿ ಫೋಟೋ ತೆಗೆದರು. ಮರುದಿನ ಪತ್ರಿಕೆಯಲ್ಲಿ ಬಂತು: ಅಕ್ಷರ ಬಾರದ ಮಾಳಿಬಾಯಿಗೂ ಈಗ ಸ್ಮಾರ್ಟ್ ಫೋನಿನ ಪಾಠ. ಮೂವತ್ತು ವರ್ಷ ಆ ಮರಗಳನ್ನು ಸಾಕಿದವರಿಗೆ ಫೋನು ಪಾಠ ಹೇಳುತ್ತಿದೆಯಂತೆ. ನಾನು ಆ ಪತ್ರಿಕೆ ಹರಿದು ಹಾಕಿದೆ. ಮಾವಶಿ ಮಾತ್ರ ತಮ್ಮ ಚಿತ್ರವನ್ನು ನೋಡಿ, "ಸೀರಿ ವಾಪಸ್ ಇಸಗೊಂಡ್ರು," ಎಂದಷ್ಟೇ ಹೇಳಿದರು.

ದೀಪಾವಳಿ ಸೂಟಿ ಮುಗಿದ ಮೇಲೆ ಸಾಲಿಗಳ ಸಹಲು, ಅಂದರೆ ಮಕ್ಕಳ ಪ್ರವಾಸ, ಶುರುವಾದವು. ಅಕ್ಕಲಕೋಟ ತಾಲೂಕಿನ ಒಂದು ಕನ್ನಡ ಸಾಲಿಯ ಮಕ್ಕಳು ಬಂದದ್ದು ಒಂದು ಬುಧವಾರ. ಒಬ್ಬರೇ ಗುರುಗಳು, ಮೂವತ್ತರಷ್ಟು ಮಕ್ಕಳು. ಗುರುಗಳು ಪ್ರತಿ ಮರದ ಮುಂದೆ ಫೋನು ಹಿಡಿದು, ಮರಾಠಿಯಲ್ಲಿ ಬಂದದ್ದನ್ನು ಕನ್ನಡಕ್ಕೆ ತಿರುಗಿಸಿ ಮಕ್ಕಳಿಗೆ ಹೇಳುತ್ತಿದ್ದರು. ಕಾಡೌಡಲದ ಮುಂದೆಯೂ ಹೇಳಿದರು. ಒಣಗಿ ಒಡೆದ ಕಾಯಿಗಳಿಂದ ಕಪ್ಪು ಬೀಜ ಕೆಳಗೆ ಉದುರಿ ಬಿದ್ದಿದ್ದವು. ಊಟಕ್ಕೆ ಕೂತಾಗ ಎಂಟು ಮಕ್ಕಳು ತಿರುಗಿ ಹೋಗಿ, ಆಯ್ದು, ಒಡೆದು ತಿಂದರು. ಅವುಗಳ ತಪ್ಪೇನು? ತಿನ್ನುತ್ತಾರೆ ಎಂದು ಪಾಠದಲ್ಲೇ ಬಂದಿತ್ತು.

ಆ ಗಿಡದ ಹತ್ತಿರ ಬಂದವರನ್ನೆಲ್ಲ ಕೂಗಿ ಎಚ್ಚರಿಸುತ್ತಿದ್ದ ಮಾವಶಿ ಅಂದು ಮುಂದಿನ ಗೇಟಿನ ಹತ್ತಿರ ಕುಂಡ ತುಂಬುತ್ತಿದ್ದರು. ಒಂದು ಮಗು ವಾಂತಿ ಮಾಡಿಕೊಂಡಿತು ಎಂದು ಕೇಳಿ ಬಂದರು. ಎರಡನೆಯದೂ ಮಾಡಿಕೊಂಡಾಗ ನೇರ ಹಿಂದಿನ ಗೋಡೆಗೆ ಓಡಿ, ನೆಲದ ಮೇಲಿನ ಸಿಪ್ಪೆ ನೋಡಿ, ಬೀಜ, ಸಿಪ್ಪೆ, ಒಂದು ಟೊಂಗೆ ಎಲ್ಲವನ್ನೂ ಸೆರಗಿನಲ್ಲಿ ಕಟ್ಟಿಕೊಂಡು ಮಕ್ಕಳ ಜೊತೆ ರಿಕ್ಷಾ ಹತ್ತಿದರು. ಹತ್ತುವ ಮೊದಲು ಕಾವಲುಗಾರನಿಂದ ನನಗೆ ಫೋನು ಮಾಡಿಸಿದರು. ನಾನು ಪಾಠ ಬಿಟ್ಟು ದವಾಖಾನೆಗೆ ತಲುಪುವಷ್ಟರಲ್ಲಿ ಅಲ್ಲಿ ಜಗಳವೇ ನಡೆದಿತ್ತು. ಗುರುಗಳು ಬೆವರುತ್ತ ಡಾಕ್ಟರಿಗೆ ಫೋನು ತೋರಿಸಿ, ಗಾಬರಿಯಲ್ಲಿ ಕನ್ನಡದಲ್ಲೇ ಹೇಳುತ್ತಿದ್ದರು. "ಜಂಗಲೀ ಬದಾಮ ತಿಂದಾವ ಮ್ಯಾಡಮ್, ಇಲ್ಲಿ ಬರದಾರ, ತಿನ್ನೂದ ಐತಿ ಅಂತ."

ಮಾವಶಿ ಸೆರಗು ಬಿಚ್ಚಿ ಮೇಜಿನ ಮೇಲೆ ಸುರಿದು ಕೂಗುತ್ತಿದ್ದರು. "ಸುಳ್ಳ ಐತಿರಿ ಅದು! ಫೋನ ಸುಳ್ಳ ಹೇಳತೈತಿ! ಇದು ಕಾಡೌಡಲ!"

ಡಾಕ್ಟರು ಚಿಕ್ಕ ವಯಸ್ಸಿನ ಹೆಣ್ಣುಮಗಳು. ಕನ್ನಡ ತಿಳಿಯುತ್ತಿರಲಿಲ್ಲ. ಒಮ್ಮೆ ಫೋನು, ಒಮ್ಮೆ ಮುದುಕಿಯ ಮುಖ ನೋಡುತ್ತಿದ್ದರು. ನಾನು ನೂಕಿಕೊಂಡು ಹೋಗಿ ಮರಾಠಿ ಹೆಸರು, ಲ್ಯಾಟಿನ್ ಹೆಸರು ಎರಡನ್ನೂ ಹೇಳಿದೆ. ಆಕೆ ಟೊಂಗೆ ಎತ್ತಿ ನೋಡಿ ಒಂದೇ ಮಾತು ಕೇಳಿದರು. "ಖಾತ್ರಿಯಾಗಿ ಗೊತ್ತೇನು?" ನಾನು ಮಾವಶಿಯ ಕಡೆ ಕೈ ತೋರಿಸಿ, "ಅವರಿಗೆ ಗೊತ್ತು," ಎಂದೆ. ಆಮೇಲೆ ಎಲ್ಲ ಬೇಗ ಬೇಗ ನಡೆಯಿತು. ಏಳು ಮಕ್ಕಳು ಮರುದಿನ ಎದ್ದು ಕೂತವು. ಲಕ್ಷ್ಮೀ ಎಂಬ ಹತ್ತು ವರ್ಷದ ಹುಡುಗಿ ಎಲ್ಲರಿಗಿಂತ ಹೆಚ್ಚು ತಿಂದಿದ್ದಳು. ಐದು ದಿನ ಅವಳ ಕೈಗೆ ಸಲೈನು. ಆ ಐದು ದಿನ ಮಾವಶಿ ಅವಳ ಮಂಚದ ಬುಡ ಬಿಟ್ಟು ಅಲುಗಲಿಲ್ಲ. ಅವಳ ತಾಯಿ ಶಿವಲೀಲಾ ಹೊಲದ ಕೆಲಸದ ಸೀರೆಯಲ್ಲೇ ಬಂದವಳು ಹಾಗೇ ಕೂತಿದ್ದಳು. ಹುಡುಗಿ ಬದುಕಿದಳು.

ಬದುಕಿದ ಮೇಲೆ ಚೌಕಶಿ, ಅಂದರೆ ವಿಚಾರಣೆ, ಬಂತು. ಘಟನೆಯಾದ ಸಂಜೆಯೇ ಯಾರೋ ಫೋನಿನೊಳಗಿನ ಮಾಹಿತಿಯನ್ನು ಸರಿಪಡಿಸಿಬಿಟ್ಟಿದ್ದರು. ಎರಡು ತಿಂಗಳು ನನ್ನ ಅರ್ಜಿಗೆ ಆಗದ ಕೆಲಸ ಎರಡು ತಾಸಿನಲ್ಲಿ ಆಯಿತು! ಟ್ರಸ್ಟಿನ ಕಚೇರಿಗೆ ನಮ್ಮಿಬ್ಬರನ್ನೂ ಕರೆದರು. ಮೇಜಿನ ಮೇಲೆ ಮರಾಠಿಯಲ್ಲಿ ಟೈಪು ಮಾಡಿದ ಒಂದು ಕಾಗದ, ಅದರ ಪಕ್ಕದಲ್ಲಿ ಶಾಯಿಯ ಡಬ್ಬಿ.

"ಭಾಗಾಬಾಯಿ, ಇಲ್ಲಿ ಹೆಬ್ಬಟ್ಟು ಒತ್ತ್ರಿ. ಬರೇ ಕಾಗದಪತ್ರಾ, ಮತ್ತೇನಿಲ್ಲ," ಎಂದರು ಸೇಠರು.

ಮಾವಶಿ ಕಾಗದವನ್ನು ನನ್ನ ಕಡೆ ಸರಿಸಿದರು. "ಓದ್ರಿ ಬಾಯಾರ. ಕನ್ನಡದಾಗ ಓದ್ರಿ."

ಓದಿದೆ. ವಿಷದ ಗಿಡದ ಸುತ್ತ ತಂತಿ ಕಟ್ಟದೆ, ಮಕ್ಕಳ ಮೇಲೆ ಲಕ್ಷ್ಯ ಇಡದೆ ತಪ್ಪು ಮಾಡಿದ್ದೇನೆ, ಇದಕ್ಕೆ ನಾನೇ ಹೊಣೆ ಎಂದು ಅದರಲ್ಲಿತ್ತು. ಓದುತ್ತ ಓದುತ್ತ ನನ್ನ ದನಿ ಏರಿತು. ಕೋಣೆಯ ಹೊರಗಿನವರಿಗೂ ಕೇಳಲಿ ಎಂದೇ ಓದಿದೆ. ಮಾವಶಿ ಕೊನೆಯವರೆಗೂ ಕೇಳಿ, ಸೇಠರ ಮುಖ ನೋಡಿ ಹೇಳಿದರು.

"ನನಗ ಓದಾಕ ಬರಂಗಿಲ್ಲ ಸೇಠಜಿ. ಕಾಡೌಡಲಕ್ಕ ಬದಾಮಿ ಅಂದವ್ರು ಓದಿದವ್ರ ಅದಾರ. ಹೆಬ್ಬಟ್ಟು ಅವರದ ಒತ್ತಿಸಿಗೋರಿ."

ಸೇಠರ ಮುಖ ಕೆಂಪಾಯಿತು. ನನ್ನ ಕಡೆ ತಿರುಗಿ, "ಮ್ಯಾಡಮ್, ನಿಮ್ಮ ಹೆಸರೂ ಅದರಾಗ ಐತಿ. ವಿಚಾರ ಮಾಡ್ರಿ," ಎಂದರು. ನಾನು ಎರಡೂ ಪತ್ರಗಳ ಪ್ರತಿ ಮೇಜಿನ ಮೇಲಿಟ್ಟೆ. ನಾನು ಹೇಳಿ ಕರೆಸಿದ್ದರಿಂದ ಬಾಗಿಲ ಹೊರಗೆ ಕಾಯುತ್ತಿದ್ದ ಗುರುಗಳು, ಶಿವಲೀಲಾ ಇಬ್ಬರೂ ಒಳಗೆ ಬಂದರು. ಗುರುಗಳು, ಡಾಕ್ಟರಿಗೆ ತೋರಿಸಲೆಂದು ಅಂದು ಉಳಿಸಿಕೊಂಡಿದ್ದ ಫೋನಿನ ಚಿತ್ರ ತೋರಿಸಿದರು. ಶಿವಲೀಲಾ ಮಾತ್ರ ಏನನ್ನೂ ತೋರಿಸಲಿಲ್ಲ. "ನನ್ನ ಮಗಳಿಗಿ ಜೀವಾ ಕೊಟ್ಟಾಕಿ ಇಕಿ. ಇಕಿ ಕಡಿಂದ ಹೆಬ್ಬಟ್ಟು ಒತ್ತಿಸ್ತೀರಿ? ನಾಚಿಕಿ ಬರಂಗಿಲ್ಲ?" ಎಂದಳು. ಸೇಠರು ಕನ್ನಡ ತಿಳಿಯದವರಂತೆ ಕಿಟಕಿಯ ಕಡೆ ನೋಡುತ್ತ ಕೂತರು.

ನ್ಯಾಯ ಸಿಕ್ಕಿತು ಎಂದು ಬರೆಯಲು ನನಗೂ ಆಸೆ. ಸಿಗಲಿಲ್ಲ. ಆ ಕಾಗದವನ್ನು ಮಡಚಿ ಒಳಗಿಟ್ಟರು, ಅಷ್ಟೇ. ಫಲಕಗಳನ್ನು ಒಂದು ಭಾನುವಾರ ಸದ್ದಿಲ್ಲದೆ ಕಿತ್ತರು. ಕಾಡೌಡಲದ ಸಾಲನ್ನೂ ಕಡಿಸಿದರು. ಗಿಡವೇ ಅಪರಾಧಿ ಎನ್ನುವಂತೆ. ಹೊಸ ವರ್ಷಕ್ಕೆ ಮಾವಶಿಗೆ, ವಯಸ್ಸಾಯಿತು, ಇನ್ನು ವಿಶ್ರಾಂತಿ ತೆಗೆದುಕೊಳ್ಳಿ ಎಂದು ಹೇಳಿದರು. ಒಂದು ಹಾರವಿಲ್ಲ, ಒಂದು ಮಾತಿಲ್ಲ. ಅವರು ತಮ್ಮ ಕುರ್ಪಿ ತೊಳೆದು ಚೀಲದಲ್ಲಿಟ್ಟುಕೊಂಡು ತಡವಳದ ಬಸ್ಸು ಹತ್ತಿದರು. ನಾನು ಟ್ರಸ್ಟಿನ ಕೆಲಸ ಬಿಟ್ಟೆ. ಕಾಲೇಜಿನಲ್ಲಿ ಮುಂದಿನ ವರ್ಷ ನನ್ನನ್ನು ಕರೆಯಲಿಲ್ಲ. ಕಾರಣ ಯಾರೂ ಹೇಳಲಿಲ್ಲ, ನಾನೂ ಕೇಳಲಿಲ್ಲ.

ಏಪ್ರಿಲಿನಲ್ಲಿ ಕಂಪನಿಯ ಮ್ಯಾನೇಜರರ ಫೋನು ಬಂತು. ಏನೂ ಆಗಿಯೇ ಇಲ್ಲ ಎಂಬ ದನಿ. ಬೇರೆ ಊರಿನ ಒಂದು ದೊಡ್ಡ ತೋಟದಲ್ಲಿ ಇಂಥದೇ ಕೆಲಸ ಸಿಕ್ಕಿದೆ, ಅಲ್ಲಿ ಕನ್ನಡ ಬೇಕೇ ಬೇಕಂತೆ, ಆ ಭಾಗಾಬಾಯಿಯ ದನಿಗಳು ನಿಮ್ಮ ಹತ್ತಿರ ಇವೆಯಲ್ಲ, ಕೊಡಿ ಎಂದರು. ದನಿ ನನ್ನದಲ್ಲ, ಅವರನ್ನು ಕೇಳಿ ಹೇಳುತ್ತೇನೆ ಎಂದೆ. ಮರುದಿನವೇ ತಡವಳಕ್ಕೆ ಹೋದೆ.

ಮಾವಶಿ ತಮ್ಮನ ಹೊಲದ ಬಾವಿಯ ಹತ್ತಿರ ಮೆಣಸಿನ ಸಸಿಗೆ ನೀರು ಬಿಡುತ್ತಿದ್ದರು. ತೆಳ್ಳಗಾಗಿದ್ದರು. ನಾನು ವಿಷಯ ಹೇಳಿದೆ. ಅವರು ನೀರನ್ನು ಮುಂದಿನ ಮಡಿಗೆ ತಿರುಗಿಸಿದರು.

"ಕೊಡೂಣ. ಆದ್ರ ಮೊದಲ ಅವರು ಒಂದ ಕಾಗದ ಬರದ ಕೊಡ್ಲಿ. ಆ ತಪ್ಪು ನಮ್ಮದು, ಭಾಗವ್ವಂದಲ್ಲ ಅಂತ. ಸೇಠಂದೂ ಸಹಿ ಬೇಕು. ಆಮ್ಯಾಲ ನನ್ನ ದನಿ."

ಅಲ್ಲೇ ನಿಂತು ಮ್ಯಾನೇಜರರಿಗೆ ಫೋನು ಮಾಡಿದೆ. ಅವರು, ಅದೆಲ್ಲ ಆಗುವುದಿಲ್ಲ ಮ್ಯಾಡಮ್, ಈಗ ಕಂಪ್ಯೂಟರೇ ಯಾವ ಭಾಷೆಯಲ್ಲಾದರೂ ಮಾತಾಡುತ್ತದೆ, ನಾವು ಹಾಗೇ ಮಾಡಿಕೊಳ್ಳುತ್ತೇವೆ ಎಂದರು. "ಮಾಡಿಕೊಳ್ಳಿ. ಮರದ ಮುಂದೆ ನಿಂತು ತಾಳೆ ನೋಡಲಿಕ್ಕೆ ಕಂಪ್ಯೂಟರಿಗೆ ಕಾಲೂ ಹಚ್ಚಿರಿ," ಎಂದು ಕೂಗಿ ಫೋನು ಕಡಿದೆ.

"ಬರಿಯಂಗಿಲ್ಲ ಅಂದ್ರೇನು?" ಎಂದು ಕೇಳಿದರು ಮಾವಶಿ.

"ಇಲ್ಲ."

"ಹಂಗಾದ್ರ ಬಿಡ್ರಿ."

ಬಾವಿಯ ಕಟ್ಟೆಯ ಮೇಲೆ ಕೂತೆವು. ಅವರು ಶೇಂಗಾ ಹಿಂಡಿ, ರೊಟ್ಟಿ ಬಿಚ್ಚಿದರು. ಎಷ್ಟೋ ತಿಂಗಳಿಂದ ಆಡದೆ ಇಟ್ಟುಕೊಂಡಿದ್ದ ಮಾತು ಆಗ ಹೊರಗೆ ಬಂತು.

"ಮಾವಶಿ, ಅವತ್ತ ನೀವು ಕಂಬಾ ಕೀಳಾಕ ಹೋದಾಗ ನಾ ನಿಮ್ಮ ಕೈ ಹಿಡೀಬಾರದಿತ್ತು."

ಮನೆಯಲ್ಲಿ, ಕಾಲೇಜಿನಲ್ಲಿ, ದವಾಖಾನೆಯಲ್ಲಿ ಎಲ್ಲರೂ ನನಗೆ ನಿನ್ನ ತಪ್ಪೇನಿಲ್ಲ ಎಂದವರೇ. ಇವರೂ ಹಾಗೇ ಅನ್ನುತ್ತಾರೆ ಎಂದುಕೊಂಡಿದ್ದೆ. ಮಾವಶಿ ರೊಟ್ಟಿ ಮುರಿಯುವುದನ್ನು ನಿಲ್ಲಿಸಿ ನನ್ನ ಮುಖ ನೋಡಿದರು.

"ಹೌದ್ರಿ ಬಾಯಾರ," ಎಂದರು. "ಹಿಡೀಬಾರದಿತ್ತು."

ಆಮೇಲೆ ಮುರಿದ ರೊಟ್ಟಿಯ ದೊಡ್ಡ ಅರ್ಧವನ್ನು ನನ್ನ ಕೈಗೆ ಕೊಟ್ಟರು.